ದೆವ್ವ ಹೋದ ಮೇಲೆ ಉಳಿಯುವ ದುಃಖ

ಪವನ್ ಕುಮಾರ್ ನಿರ್ದೇಶನದ ‘ಯೂ ಟರ್ನ್’ ಚಿತ್ರ 2016ರಲ್ಲಿ ತೆರೆಕಂಡಿತು. (ನೋಡದವರು ಮನ್ನಿಸಬೇಕು, ಗುಟ್ಟು ಹೇಳದೆ ವಿಧಿಯಿಲ್ಲ.) ಬೆಂಗಳೂರಿನ ಮೇಲ್ಸೇತುವೆಯೊಂದರಲ್ಲಿ ಯಾರೋ ರಸ್ತೆ ವಿಭಜಕದ ಕಲ್ಲು ಸರಿಸಿ ಗಾಡಿ ತಿರುಗಿಸಿದ್ದರಿಂದ ತಾಯಿ-ಮಗಳು ಅಪಘಾತದಲ್ಲಿ ಸಾಯುತ್ತಾರೆ. ಹಾಗೆ ತಿರುಗಿಸುವವರನ್ನೆಲ್ಲ ತಾಯಿಯ ಪ್ರೇತ ಬಲಿ ತೆಗೆದುಕೊಳ್ಳುತ್ತದೆ. ಆದರೆ ಅಂದು ಕಲ್ಲು ಸರಿಸಿದವನು ಆಕೆಯ ಗಂಡನೇ! ಅವನು ಮಾತ್ರ ಬದುಕಿ ಉಳಿಯುತ್ತಾನೆ.

ಇದರ ಎರಡನೆಯ ಭಾಗ ತೆಗೆಯುವುದಾದರೆ ದೆವ್ವವೇ ಬೇಕಿಲ್ಲ. ಆ ಗಂಡನೊಬ್ಬನೇ ಸಾಕು. ನಿದ್ದೆ ಬಾರದು, ಕಣ್ಣು ಮುಚ್ಚಿದರೆ ಅದೇ ದೃಶ್ಯ. ಆ ರಸ್ತೆ ತಪ್ಪಿಸಿ ಸುತ್ತುದಾರಿ ಹಿಡಿಯುತ್ತಾನೆ. ಮಗಳ ಶಾಲೆಯ ಚೀಲವನ್ನು ಯಾರೂ ಮುಟ್ಟುವಂತಿಲ್ಲ. ಕುಡಿತ ಹೆಚ್ಚುತ್ತದೆ.

ನೆಲಮಂಗಲದ ತುಮಕೂರು ರಸ್ತೆ, ದೇವನಹಳ್ಳಿಯ ಬಳ್ಳಾರಿ ರಸ್ತೆ, ಹೊಸಕೋಟೆಯ ಕೋಲಾರ ಹೆದ್ದಾರಿಗಳ ಆಸುಪಾಸಿನಲ್ಲಿ ಇಂಥ ಕಥೆ ಹೊಸದಲ್ಲ. ಬೈಕಿನ ಹಿಂದೆ ಕುಳಿತವರು ಹೋಗುತ್ತಾರೆ, ಓಡಿಸಿದವನು ಉಳಿಯುತ್ತಾನೆ. ಅವನಿಗೆ ದುಃಖದ ಜೊತೆ ಅಪರಾಧಿ ಭಾವವೂ ಸೇರುತ್ತದೆ. ‘ನೋಡಿಕೊಂಡು ಓಡಿಸಬಾರದಿತ್ತೇ?’ ಎಂದು ನೆಂಟರು ಚುಚ್ಚುವುದು ಎಷ್ಟು ಕೆಟ್ಟದ್ದೋ, ‘ಆದದ್ದಾಯಿತು, ಮರೆತುಬಿಡು’ ಎಂದು ಅವನ ಬಾಯಿ ಮುಚ್ಚಿಸುವುದೂ ಅಷ್ಟೇ ಕೆಟ್ಟದ್ದು. ಹೇಳಿಕೊಳ್ಳಲು ಬಿಡಿ, ಕೇಳಿಸಿಕೊಳ್ಳಿ.

ನಮ್ಮ ಹಿರಿಯರಿಗೆ ಇದು ಗೊತ್ತಿತ್ತೆಂದು ನನಗನ್ನಿಸುತ್ತದೆ. ತಿಥಿಗೆ ಊರೇ ಸೇರುತ್ತದೆ, ಆಮೇಲೆ ಮನೆ ಬಿಕೋ ಎನ್ನುತ್ತದೆ. ಆದರೂ ಪಿತೃಪಕ್ಷ ಬಂದಾಗ ತೀರಿಹೋದವರಿಗೆ ಇಷ್ಟವಾದ ತಿಂಡಿಯನ್ನು ಎಡೆಗಿಟ್ಟು ಅವರ ಹೆಸರು ಹೇಳಿ ಅಳಬಹುದು, ನಗಲೂಬಹುದು. ದುಃಖವನ್ನು ಮನೆಯಿಂದ ಅಟ್ಟುವುದಿಲ್ಲ, ಅದಕ್ಕೊಂದು ದಿನ ಗೊತ್ತುಮಾಡುತ್ತೇವೆ.

ಹಂಬಲ, ತನ್ನನ್ನೇ ಹಳಿದುಕೊಳ್ಳುವುದು ಆರು ತಿಂಗಳು ಮೀರಿಯೂ ತಗ್ಗದೆ, ಕೆಲಸ-ಊಟಗಳನ್ನೇ ಕೆಡಿಸಿದರೆ ಅದು ಕಾಯಿಲೆಯಾಗಿರಬಹುದು. 2022ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯಲ್ಲಿ ದೀರ್ಘಕಾಲದ ದುಃಖಕ್ಕೂ ಪ್ರತ್ಯೇಕ ಸ್ಥಾನವಿದೆ. ಮಾತಿನ ಮೂಲಕ ನೀಡುವ ಚಿಕಿತ್ಸೆಯಿಂದ ಗುಣ ಕಾಣುತ್ತದೆ. ಅಂಗಡಿಯಿಂದ ನಿದ್ದೆಮಾತ್ರೆ ತಂದು ನುಂಗಿಸಬೇಡಿ.

‘ನಾನೂ ಹೋಗಿದ್ದರೆ ಚೆನ್ನಾಗಿತ್ತು’ ಎಂದರೆ ಆರು ತಿಂಗಳು ಕಾಯಬಾರದು. ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಒಂಟಿಯಾಗಿ ಬಿಡಬೇಡಿ. ಕ್ರಿಮಿನಾಶಕದ ಡಬ್ಬಿಗಳನ್ನು ಬೇರೆಡೆ ಬೀಗ ಹಾಕಿಡಿ. 14416ಕ್ಕೆ ಫೋನ್ ಮಾಡಿದರೆ ಟೆಲಿ-ಮಾನಸ್ ಸಲಹೆಗಾರರು ಹಗಲೂ ರಾತ್ರಿ, ಕನ್ನಡದಲ್ಲೇ, ಉಚಿತವಾಗಿ ಮಾತನಾಡುತ್ತಾರೆ. ಮನೆಯವರೂ ಕರೆ ಮಾಡಬಹುದು.