ರೆಡ್‌ವುಡ್‌ನಿಂದ ಒಲಿಂಪಿಕ್‌ವರೆಗೆ: ಟೆಂಟು, ಮಂಜು, ಉಬ್ಬರ-ಇಳಿತ

ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಟೆಂಟು ಹಾಕುತ್ತ ಸಾಗಲು 101ನೇ ಹೆದ್ದಾರಿಗಿಂತ ಒಳ್ಳೆಯ ದಾರಿ ಇಲ್ಲ. ಕ್ಯಾಲಿಫೋರ್ನಿಯಾದ ಉತ್ತರ ತುದಿಯ ರೆಡ್‌ವುಡ್ ರಾಷ್ಟ್ರೀಯ ಉದ್ಯಾನ ಮತ್ತು ವಾಷಿಂಗ್ಟನ್ ರಾಜ್ಯದ ಒಲಿಂಪಿಕ್ ರಾಷ್ಟ್ರೀಯ ಉದ್ಯಾನ ಎರಡೂ ಇದೇ ರಸ್ತೆಯಲ್ಲಿ ಸಿಗುತ್ತವೆ. ನಡುವೆ ಇಡೀ ಆರೆಗಾನ್ ಕರಾವಳಿ. ಸ್ಯಾನ್ ಫ್ರಾನ್ಸಿಸ್ಕೊ ಸುತ್ತಲಿನ ಕನ್ನಡಿಗರಿಗೆ ರೆಡ್‌ವುಡ್ ಸುಮಾರು 500 ಕಿ.ಮೀ. ದೂರ. ವಾರದೊಳಗೆ ಮರಳಬೇಕಾದವರಿಗೆ ಅದೊಂದೇ ಸಾಕು. ಹತ್ತು ಹನ್ನೆರಡು ದಿನ ಬಿಡುವಿದ್ದರೆ ಮಾತ್ರ ಒಲಿಂಪಿಕ್ ಸೇರಿಸಿಕೊಳ್ಳಬೇಕು.

ರೆಡ್‌ವುಡ್‌ನಲ್ಲಿ ಜೆಡಿಡಯಾ ಸ್ಮಿತ್, ಮಿಲ್ ಕ್ರೀಕ್, ಎಲ್ಕ್ ಪ್ರೇರಿ, ಗೋಲ್ಡ್ ಬ್ಲಫ್ಸ್ ಬೀಚ್ ಎಂಬ ನಾಲ್ಕು ಕ್ಯಾಂಪ್‌ಗ್ರೌಂಡ್‌ಗಳಿವೆ. ಬುಕಿಂಗ್ ಆರು ತಿಂಗಳ ಮೊದಲು ತೆರೆಯುತ್ತದೆ. ಬೇಸಿಗೆಯ ದಿನಗಳಂತೂ ಬೇಗ ಭರ್ತಿಯಾಗುತ್ತವೆ. ಕೆಲವು ವರ್ಷಗಳ ಹಿಂದೆ ರಾತ್ರಿಗೆ 35 ಡಾಲರ್ ಆಸುಪಾಸು ಇತ್ತು. ಗೋಲ್ಡ್ ಬ್ಲಫ್ಸ್ ಸಿಕ್ಕರೆ ಉಳಿದವುಗಳ ಯೋಚನೆಯೇ ಬೇಡ. ಮುಂದೆ ಸಮುದ್ರ, ಹಿಂದೆ ಹೊಂಬಣ್ಣದ ಕಡಿದಾದ ದಿಬ್ಬ. ಬೆಳಗಿನ ಮಂಜಿನಲ್ಲಿ ರೂಸ್‌ವೆಲ್ಟ್ ಎಲ್ಕ್ ಎಂಬ ದೊಡ್ಡ ಜಿಂಕೆಗಳು ಟೆಂಟಿನ ಹತ್ತಿರವೇ ಮೇಯುತ್ತಿರುತ್ತವೆ. ಅಲ್ಲಿಗೆ ಹೋಗುವುದು ಮಣ್ಣಿನ ರಸ್ತೆ, ಟ್ರೇಲರ್‌ಗಳಿಗೆ ಪ್ರವೇಶವಿಲ್ಲ. ಗೋಡೆಯುದ್ದಕ್ಕೂ ಜರಿಗಿಡ ಇಳಿಬಿದ್ದಿರುವ ಫರ್ನ್ ಕ್ಯಾನ್ಯನ್ ಇದೇ ರಸ್ತೆಯ ಕೊನೆಯಲ್ಲಿದೆ. ಮೇ ಮಧ್ಯದಿಂದ ಸೆಪ್ಟೆಂಬರ್ ಮಧ್ಯದವರೆಗೆ ಹಗಲಿನ ಭೇಟಿಗೆ ಮುಂಚಿತ ಪರವಾನಗಿ ಪಡೆದಿರಬೇಕು.

ಇಲ್ಲಿನ ಅಡುಗೆಯ ನಿಯಮವನ್ನು ಕಟ್ಟುನಿಟ್ಟಾಗಿ ಪಾಲಿಸಲೇಬೇಕು: ಊಟದ ಜಾಗದಲ್ಲಿ ಒಂದು ಅಗುಳೂ ಉಳಿಯಕೂಡದು. ಕಾರಣ ಕರಡಿ ಮಾತ್ರವಲ್ಲ. ಮಾರ್ಬಲ್ಡ್ ಮರ್ರೆಲೆಟ್ ಎಂಬ ಪುಟ್ಟ ಕಡಲಹಕ್ಕಿ ಸಮುದ್ರದಲ್ಲಿ ಮೀನು ಹಿಡಿದು, ಗೂಡಿಗೆ ಹಳೆಯ ಮರಗಳ ಪಾಚಿಗಟ್ಟಿದ ಕೊಂಬೆಗೆ ಬರುತ್ತದೆ. ಇಡುವುದು ಒಂದೇ ಮೊಟ್ಟೆ. ಕ್ಯಾಂಪಿನ ಎಂಜಲಿಗೆ ಬಂದು ಸೇರುವ ಸ್ಟೆಲ್ಲರ್ಸ್ ಜೇ ಎಂಬ ನೀಲಿ ಹಕ್ಕಿ ಆ ಮೊಟ್ಟೆಯನ್ನೂ ಮರಿಯನ್ನೂ ತಿನ್ನುತ್ತದೆ. ಒಗ್ಗರಣೆ ಅವಲಕ್ಕಿಯಂಥ ಉದುರುವ ತಿಂಡಿಗಿಂತ ಬಿಸಿಬೇಳೆಬಾತ್ ಇಲ್ಲಿಗೆ ಮೇಲು. ತಿಂದಾದ ಮೇಲೆ ಮೇಜಿನ ಕೆಳಗೂ ನೋಡಿ ಆರಿಸಿ, ಉಳಿದದ್ದನ್ನೆಲ್ಲ ಕಬ್ಬಿಣದ ಫುಡ್ ಲಾಕರ್‌ಗೆ ಹಾಕಬೇಕು, ಟೂತ್‌ಪೇಸ್ಟ್ ಸಹ.

ಇದೇ ಉದ್ಯಾನದಲ್ಲಿರುವ, ಜಗತ್ತಿನ ಅತಿ ಎತ್ತರದ ಮರವಾದ ಹೈಪೀರಿಯನ್ (ಸುಮಾರು 116 ಮೀಟರ್) ಹುಡುಕಿಕೊಂಡು ಹೋಗುವುದು ಬೇಡ. ಜನರ ತುಳಿತಕ್ಕೆ ಅದರ ಸುತ್ತಲಿನ ನೆಲ ಹಾಳಾದ್ದರಿಂದ ಆ ಪ್ರದೇಶವನ್ನೇ ಮುಚ್ಚಲಾಗಿದೆ. ನುಗ್ಗಿದರೆ ದಂಡವೂ ಜೈಲೂ ಕಾದಿವೆ. ಬುಡದಲ್ಲಿ ನಿಂತವರಿಗೆ ಹೇಗೂ ತುದಿ ಕಾಣುವುದಿಲ್ಲ. ಹೌಲೆಂಡ್ ಹಿಲ್ ಎಂಬ ಮಣ್ಣುರಸ್ತೆಯಲ್ಲಿ ನಿಧಾನವಾಗಿ ಹೋದರೆ ಅಷ್ಟೇ ಗಾಂಭೀರ್ಯದ ಮರಗಳು ಎರಡೂ ಬದಿಗೆ ಸಿಗುತ್ತವೆ.

ಆರೆಗಾನ್‌ನಲ್ಲಿ ರಾಜ್ಯ ಉದ್ಯಾನಗಳಲ್ಲಿ ತಂಗಬಹುದು. ಬಿಸಿನೀರಿನ ಸ್ನಾನ ಸಿಗುತ್ತದೆ. ಒದ್ದೆ ಟೆಂಟಿಗೆ ಬೇಸತ್ತವರಿಗೆ ಹಲವೆಡೆ ಯರ್ಟ್ ಎಂಬ ದುಂಡು ಗುಡಾರಗಳೂ ಬಾಡಿಗೆಗಿವೆ. ಒಲಿಂಪಿಕ್‌ನ ಕ್ಯಾಂಪ್‌ಗ್ರೌಂಡ್‌ಗಳಲ್ಲಿ ಸ್ನಾನದ ವ್ಯವಸ್ಥೆ ಇಲ್ಲದ್ದರಿಂದ ಅದನ್ನು ಆರೆಗಾನ್‌ನಲ್ಲೇ ಮುಗಿಸಿಕೊಳ್ಳುವುದು ಜಾಣತನ.

1938ರಲ್ಲಿ ಸ್ಥಾಪನೆಯಾದ ಒಲಿಂಪಿಕ್ ಉದ್ಯಾನಕ್ಕೆ 73 ಮೈಲಿ ಉದ್ದದ ಕಾಡು ಕರಾವಳಿಯಿದೆ. ತಂಗಲು ಕಲೇಲಾಕ್ ಉತ್ತಮ. ಬೇಸಿಗೆಗೆ ಮುಂಗಡ ಬುಕಿಂಗ್ ಬೇಕು. ನಡೆಯಲು ರಿಯಾಲ್ಟೊ ಬೀಚ್‌ನಿಂದ ಹೋಲ್-ಇನ್-ದ-ವಾಲ್ ಎಂಬ ಬಂಡೆಯ ಕಮಾನಿನವರೆಗಿನ ಎರಡೂವರೆ ಕಿ.ಮೀ. ತೀರಕ್ಕೆ ಸಾಟಿಯಿಲ್ಲ. ಆದರೆ ಕಮಾನಿನೊಳಗೆ ದಾಟಲಾಗುವುದು ಇಳಿತದಲ್ಲಿ ಮಾತ್ರ. ಇಳಿತದ ಸಮಯ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ, ಆದ್ದರಿಂದ ನಿನ್ನೆಯ ಹೊತ್ತು ಇಂದಿಗೆ ಹೊಂದದು. ವೇಳಾಪಟ್ಟಿಯನ್ನು ಮೊದಲೇ ಮುದ್ರಿಸಿಕೊಳ್ಳಬೇಕು. ಮೊಬೈಲ್ ಸಿಗ್ನಲ್ ನಂಬುವಂತಿಲ್ಲ. ನೀರು ಏರುತ್ತಿದ್ದರೆ ಕೆಂಪು-ಕಪ್ಪು ದುಂಡು ಫಲಕ ಇರುವಲ್ಲಿ ದಿಬ್ಬ ಹತ್ತಿ ಒಳದಾರಿ ಹಿಡಿಯಬೇಕು. ದಡದ ದೈತ್ಯ ದಿಮ್ಮಿಗಳ ಮೇಲೆ ಮಕ್ಕಳನ್ನು ಆಡಲು ಬಿಡಲೇಬಾರದು. ಒಂದು ಅಲೆ ಸಾಕು, ಟನ್ನುಗಟ್ಟಲೆ ತೂಕದ ಮರ ಉರುಳಿ ಕೆಳಗಿದ್ದವರನ್ನು ಅರೆದುಬಿಡುತ್ತದೆ. ತೀರದ ಕಾಡಿನಲ್ಲಿ ನಡೆದು ಹೋಗಿ ರಾತ್ರಿ ತಂಗುವವರಿಗೆ ಆಹಾರವನ್ನು ಭದ್ರವಾಗಿಡುವ ಕರಡಿ ಡಬ್ಬಿ ಕಡ್ಡಾಯ. ಅಲ್ಲಿ ಆಹಾರ ಕದಿಯುವುದರಲ್ಲಿ ರಕೂನ್‌ಗಳು ಪಳಗಿವೆ.

ಒಳನಾಡಿನ ಹೋ ಮಳೆಕಾಡಿಗೆ ಒಂದು ದಿನ ಮೀಸಲಿಡಬೇಕು. ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ, ಮಲೆನಾಡಿನವರಿಗೆ ಇದು ದೊಡ್ಡ ಅಂಕಿಯಲ್ಲ, ಆದರೆ ಅಲ್ಲಿ ಮಳೆಯ ಜತೆಗೆ ಕೊರೆಯುವ ಚಳಿಯಿದೆ. ಜುಲೈ, ಆಗಸ್ಟ್‌ ತಿಂಗಳು ತಕ್ಕಮಟ್ಟಿಗೆ ಒಣಗಿರುತ್ತವೆ. ಆಗಲೂ ಉಣ್ಣೆಯ ಬಟ್ಟೆ, ಟೆಂಟಿನ ಮೇಲುಹೊದಿಕೆ ಬೇಕೇ ಬೇಕು. ಸೌದೆಯನ್ನು ದೂರದಿಂದ ಹೊತ್ತು ತರಬಾರದು, ಅದರೊಡನೆ ಮರ ಕೊರೆಯುವ ಹುಳು ಬರುತ್ತದೆ. ಉಳಿಯುವ ಊರಿನಲ್ಲೇ ಕೊಳ್ಳಬೇಕು. ಮರಳುವಾಗ ಐ-5 ಹೆದ್ದಾರಿ ಹಿಡಿದರೆ ನೋಡುವಂಥದ್ದು ಕಡಿಮೆ, ಸಮಯ ಉಳಿಯುತ್ತದೆ.