ಊರಿನ ಹೊಲದಿಂದ ಹಾಳೆಗೆ: ಶೈಲೀಕೃತ ಭೂದೃಶ್ಯದ ಒಂದು ಪಾಠ

ಪೀಠಿಕೆ
ನಿಸರ್ಗ ಚಿತ್ರ ಎಂದೊಡನೆ ಮಕ್ಕಳ ಹಾಳೆಯಲ್ಲಿ ಮೂಡುವುದು ಒಂದೇ ದೃಶ್ಯ: ಎರಡು ತ್ರಿಕೋನ ಗುಡ್ಡ, ನಡುವೆ ಸೂರ್ಯ, ಕೆಳಗೆ ಹೊಳೆ, ಪಕ್ಕದಲ್ಲಿ ತೆಂಗಿನ ಮರ. ಜೇವರ್ಗಿ ತಾಲೂಕಿನ ಶಾಲೆಯೊಂದರಲ್ಲಿ ಅಭ್ಯಾಸ ಬೋಧನೆ ಮಾಡುವಾಗ 7ನೇ ತರಗತಿಯಲ್ಲಿ ನಾನು ಕಂಡದ್ದೂ ಇದೇ. ಕಿಟಕಿಯಾಚೆ ಕಣ್ಣು ಹಾಯುವವರೆಗೂ ಎರೆಹೊಲ, ಹೂಬಿಟ್ಟ ತೊಗರಿ. ಅದನ್ನು ಬರೆಯೋಣವೆಂದರೆ ಒಬ್ಬ ಹುಡುಗಿ, “ಇಲ್ಲಿ ಏನದರೀ ಸರ್, ತೆಗಿಲಾಕ?” ಎಂದಳು. ತಮ್ಮೂರು ಚಿತ್ರಕ್ಕೆ ಯೋಗ್ಯವಲ್ಲ ಎಂಬ ಈ ಭಾವನೆಯೇ ಪಾಠದ ನಿಜವಾದ ಸಮಸ್ಯೆ.

ಪರಿಕಲ್ಪನೆ
ಶೈಲೀಕರಣವೆಂದರೆ ಕಂಡದ್ದರಲ್ಲಿ ಮುಖ್ಯವಾದುದನ್ನು ಆರಿಸಿ, ಸರಳಗೊಳಿಸಿ, ಲಯಬದ್ಧವಾಗಿ ಮರುಕಳಿಸುವುದು. ತ್ರಿಕೋನ ಗುಡ್ಡವೂ ಸರಳ ರೂಪವೇ. ಆದರೆ ಅಲ್ಲಿ ಆಯ್ಕೆ ಮಗುವಿನದಲ್ಲ. ಅಮೆರಿಕದ ಗ್ರಾಂಟ್ ವುಡ್ ತನ್ನ ಅಯೋವಾ ಪ್ರಾಂತ್ಯದ ಹೊಲಗಳನ್ನೇ ಚಿತ್ರಿಸಿದ. 1931ರ ‘ಯಂಗ್ ಕಾರ್ನ್’ ಚಿತ್ರದಲ್ಲಿ ದುಂಡನೆಯ ದಿಬ್ಬದ ಮೇಲೆ ಮೆಕ್ಕೆಜೋಳದ ಸಾಲುಗಳು ವಿನ್ಯಾಸವಾಗಿವೆ. ಬೆಳೆಸಾಲು ನಮ್ಮಲ್ಲೂ ಇದೆ.

ಬೋಧನಾ ಹಂತಗಳು (40 ನಿಮಿಷ)
1. ವೀಕ್ಷಣೆ, 10 ನಿಮಿಷ: ಮಕ್ಕಳು ಹೊರಗೆ ನಿಂತು, ಒಂದು ಕಣ್ಣು ಮುಚ್ಚಿ, ನೆಲ ಮತ್ತು ಆಕಾಶ ಕೂಡುವ ಗೆರೆಯನ್ನು ಬೆರಳಿನಿಂದ ಗಾಳಿಯಲ್ಲಿ ಎಳೆದರು.
2. ಆಯ್ಕೆ, 5 ನಿಮಿಷ: ಮೂರೇ ಆಕಾರ ಆರಿಸಬೇಕು. ಹಲವರು ಸಾಲು, ಬದು, ಬೇವಿನ ಮರ ಆರಿಸಿದರು.
3. ರಚನೆ, 20 ನಿಮಿಷ: ಕ್ಷಿತಿಜ ಮೇಲಿದ್ದರೆ ಹೊಲ ದೊಡ್ಡದು, ಕೆಳಗಿದ್ದರೆ ಆಕಾಶ ದೊಡ್ಡದು, ಒಂದನ್ನು ನಿರ್ಧರಿಸಬೇಕು. ಒಂದೊಂದು ಆಕಾರಕ್ಕೆ ಒಂದೊಂದೇ ಗುರುತು: ತೊಗರಿ ಹೂವಿಗೆ ಹಳದಿ ಚುಕ್ಕೆ, ಸಾಲಿಗೆ ಉದ್ದ ಗೆರೆ. ಎರೆಮಣ್ಣನ್ನು ನೀರಿನಲ್ಲಿ ಕಲಸಿ ಬಣ್ಣವಾಗಿಸಿದೆವು.
4. ಚರ್ಚೆ, 5 ನಿಮಿಷ: ಚಿತ್ರಗಳನ್ನು ಗೋಡೆಗೆ ಅಂಟಿಸಿ, “ಏನನ್ನು ಬಿಟ್ಟಿರಿ, ಯಾಕೆ?” ಎಂದು ಕೇಳಿದೆ.

ವಿಜ್ಞಾನದ ನಂಟು
ಸಮಾನಾಂತರ ಸಾಲುಗಳು ದೂರದಲ್ಲಿ ಕೂಡಿದಂತೆ ಏಕೆ ಕಾಣುತ್ತವೆ ಎಂಬ ಪ್ರಶ್ನೆ ಮಕ್ಕಳಿಂದಲೇ ಬಂತು. ದೂರ ಹೆಚ್ಚಿದಂತೆ ಸಾಲುಗಳ ನಡುವಿನ ಅಂತರ ನಮ್ಮ ಕಣ್ಣಿನಲ್ಲಿ ಮಾಡುವ ಕೋನ ಕಿರಿದಾಗುತ್ತದೆ. ಮರುದಿನದ ಬೆಳಕಿನ ಪಾಠಕ್ಕೆ ಇದೇ ಪೀಠಿಕೆಯಾಯಿತು.

ಮೌಲ್ಯಮಾಪನ
ಅಂದವನ್ನಲ್ಲ, ಮೂರು ಅಂಶಗಳನ್ನು ನೋಡಿದೆ: ಸ್ವಂತ ವೀಕ್ಷಣೆ ಇದೆಯೇ? ಗುರುತುಗಳಲ್ಲಿ ಲಯವಿದೆಯೇ? ಮಗು ತನ್ನ ಆಯ್ಕೆಗೆ ಕಾರಣ ಹೇಳಬಲ್ಲದೇ? ಗುಡ್ಡ ಬರೆದವರು ಈ ಸಲವೂ ಇದ್ದರು. ಆದರೆ ಒಬ್ಬರಂತೆ ಒಬ್ಬರು ಬರೆದಿರಲಿಲ್ಲ.

ಸಹಪಾಠಿಗಳಿಗೆ ಸೂಚನೆ
ಅಫಜಲಪುರದ ಕಡೆ ಹೋಗುವವರು ಗಾಣಗಾಪುರದ ಬಳಿಯ ಭೀಮಾ–ಅಮರ್ಜಾ ಸಂಗಮವನ್ನು ಎರಡು ಬಾಗುಗೆರೆಗಳಾಗಿ ಬರೆಸಬಹುದು. ಆಳಂದದಲ್ಲಿ ಅಮರ್ಜಾ ಜಲಾಶಯದ ದಂಡೆ, ಏರುತಗ್ಗಿನ ಹೊಲಗಳಿವೆ. ಕಪ್ಪುಹಲಗೆಯ ಮೇಲೆ ಮಾದರಿ ಚಿತ್ರ ಮಾತ್ರ ಬರೆಯಬೇಡಿ. ಬರೆದರೆ ಇಡೀ ತರಗತಿ ಅದನ್ನೇ ನಕಲು ಮಾಡುತ್ತದೆ. ಮೊದಲು ಮಕ್ಕಳನ್ನು ಹೊರಗೆ ಕರೆದೊಯ್ಯಿರಿ.