ಒಂದು ತಿಂಗಳ ಗೆಲುವು ಸಂಬಳವಲ್ಲ

ಮೂಡಲಪಾಳ್ಯದ ಓದುಗರೇ, ಆನ್‌ಲೈನ್ ಪೋಕರ್‌ನಲ್ಲಿ ಕಳೆದ ತಿಂಗಳು 20,000 ಹ್ಯಾಂಡ್ ಆಡಿ ಲಾಭ ಕಂಡೆ, ಕೆಲಸ ಬಿಡಲೇ ಎಂದು ಕೇಳಿದ್ದೀರಿ. ಬಿಡಬೇಡಿ. ನೂರು ಹ್ಯಾಂಡ್‌ಗೆ 5 ಬಿಗ್ ಬ್ಲೈಂಡ್ (ಆಟದ ಕಡ್ಡಾಯ ಆರಂಭಿಕ ಪಣ) ಗೆಲ್ಲುವವನು ನುರಿತವನೇ; ತಿಂಗಳಿಗೆ ಅವನಿಗೆ 1,000 ಬಿಗ್ ಬ್ಲೈಂಡ್ ಸಿಗಬೇಕು. ಆದರೆ ನೋ-ಲಿಮಿಟ್ ಆಟದಲ್ಲಿ ಎಲೆಗಳ ಏರಿಳಿತವೇ ಅದಕ್ಕಿಂತ ದೊಡ್ಡದು. ನೂರು ಹ್ಯಾಂಡ್‌ಗೆ 90 ಬಿಗ್ ಬ್ಲೈಂಡ್‌ನ ಮಾನಕ ವಿಚಲನೆ (ಏರಿಳಿತದ ಅಳತೆ) ಹಿಡಿದರೆ ತಿಂಗಳಿಗೆ ಸುಮಾರು 1,270 ಆಗುತ್ತದೆ. ಅಂದರೆ ಅಂಥವನಿಗೂ ಸರಾಸರಿ ಐದರಲ್ಲಿ ಒಂದು ತಿಂಗಳು ನಷ್ಟ. ಲಾಭವೂ ಇಲ್ಲದ, ನಷ್ಟವೂ ಇಲ್ಲದ ಸಾಧಾರಣ ಆಟಗಾರ ಅಷ್ಟೇ ಸಲ 1,000ಕ್ಕೂ ಹೆಚ್ಚು ಗೆದ್ದು ಬೀಗಬಹುದು. ನೀವು ಇಬ್ಬರಲ್ಲಿ ಯಾರೆಂದು ಒಂದು ತಿಂಗಳ ಲೆಕ್ಕ ಹೇಳಲಾರದು.

ಪೋಕರ್ ಕೌಶಲದ ಆಟ, ರಾಜ್ಯದ ನಿಷೇಧವನ್ನು ಹೈಕೋರ್ಟೇ 2022ರ ಫೆಬ್ರುವರಿ 14ರಂದು ರದ್ದು ಮಾಡಿದೆ ಎನ್ನುತ್ತೀರಿ. ನಿಜ. ಆದರೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆ, ಹಣ ಕಟ್ಟಿ ಆಡುವ ಆಟಗಳನ್ನು ಕೌಶಲ, ಅದೃಷ್ಟ ಎಂಬ ಭೇದ ಮಾಡದೆ ನಿಷೇಧಿಸುತ್ತದೆ. ಶಿಕ್ಷೆ ಆಡಿಸುವವರಿಗೆ, ಆಡುವವರಿಗಲ್ಲ, ಸರಿ. ಆದರೂ ವಿದೇಶಿ ಆ್ಯಪ್‌ನಲ್ಲಿ ದುಡ್ಡು ಸಿಕ್ಕಿಕೊಂಡರೆ ಯಾರ ಬಾಗಿಲು ತಟ್ಟುತ್ತೀರಿ? ಕೆಲಸ ಉಳಿಸಿಕೊಳ್ಳಿ, ಅಲ್ಲಿರುವ ಹಣವನ್ನು ಈ ವಾರವೇ ಬ್ಯಾಂಕ್ ಖಾತೆಗೆ ಹಾಕಿಕೊಳ್ಳಿ.